ಹಿಗ್ಗಿಗೂ ಒಂದು ಹೊತ್ತು

ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ನೀರಿಗಾಗಿ, ಬೆಳಕಿಗಾಗಿ. 1911ರಲ್ಲಿ ಕೆಲಸ ಶುರುವಾದಾಗ ಮೈಸೂರು ಸರ್ಕಾರದ ಮುಂದಿದ್ದ ಲೆಕ್ಕ ಸ್ಪಷ್ಟವಾಗಿತ್ತು. ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ಬೇಸಿಗೆಯಲ್ಲೂ ನೀರು ಸಿಗಬೇಕು, ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹೋಗಬೇಕು, ಮಳೆಯನ್ನೇ ನಂಬಿ ಕೂತಿದ್ದ ಮಂಡ್ಯ ಸೀಮೆಯ ಹೊಲಗಳಿಗೆ ನಾಲೆ ಹರಿಯಬೇಕು. ದುಡ್ಡಿನ ಮುಗ್ಗಟ್ಟು, ಮದರಾಸಿನ ತಕರಾರು, ನಡುವೆ ಒಂದು ಮಹಾಯುದ್ಧ ಎಲ್ಲವನ್ನೂ ದಾಟಿ ಕಟ್ಟೆ ಪೂರ್ತಿಯಾಗಿದ್ದು 1932ರಲ್ಲಿ. ಅಷ್ಟು ಕಷ್ಟದ ನಡುವೆಯೂ ದಿವಾನ್ ಮಿರ್ಜಾ ಇಸ್ಮಾಯಿಲ್ 1927ರಲ್ಲಿ ಕಟ್ಟೆಯ ಕೆಳಗೆ ಒಂದು ತೋಟದ ಕೆಲಸ ಹಚ್ಚಿದರು. ಕಾಶ್ಮೀರದ ಶಾಲಿಮಾರ್ ತೋಟವನ್ನು ಮನಸ್ಸಿನಲ್ಲಿಟ್ಟುಕೊಂಡು ಮೆಟ್ಟಿಲು ಮೆಟ್ಟಿಲಾಗಿ ನೆಲ ಹದ ಮಾಡಿಸಿದರು, ಕಾರಂಜಿ ಚಿಮ್ಮಿಸಿದರು, ದೀಪ ಹಾಕಿಸಿದರು. ಅದೇ ಬೃಂದಾವನ. ಭತ್ತಕ್ಕೂ ವಿದ್ಯುತ್ತಿಗೂ ಸಂಬಂಧವಿಲ್ಲದ ಆ ತೋಟಕ್ಕೆ ಜಾಗ, ನೀರು, ಹಣ, ಆಳುಕಾಳು ಎಲ್ಲವನ್ನೂ ಬೇಕೆಂದೇ ಎತ್ತಿಟ್ಟರು. ಜನ ಸಂಜೆ ಹೊತ್ತು ಮಕ್ಕಳ ಕೈಹಿಡಿದು ಸುಮ್ಮನೆ ಸಂತೋಷವಾಗಿ ಓಡಾಡಲಿ ಎಂಬುದೂ ಸರ್ಕಾರದ ಕೆಲಸಗಳಲ್ಲಿ ಒಂದಾಗಿತ್ತು.

ನಮ್ಮ ಮನೆಗಳ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸೊಸೈಟಿ ಸಾಲದ ಕಂತು, ಮಕ್ಕಳ ಶಾಲೆ ಫೀಜು, ಬೋರ್‌ವೆಲ್ ಮೋಟರಿನ ರಿಪೇರಿ, ಅಪ್ಪನ ಬಿ.ಪಿ. ಮಾತ್ರೆ, ಮದುವೆ ಮುಯ್ಯಿ ಎಲ್ಲಕ್ಕೂ ಒಂದೊಂದು ಬಾಬ್ತು ಇರುತ್ತದೆ. ಖುಷಿಗೆ ಮಾತ್ರ ಇರುವುದಿಲ್ಲ. ‘ಕಟಾವು ಮುಗೀಲಿ, ಪರೀಕ್ಷೆ ಮುಗೀಲಿ, ಈ ಸಾಲ ಒಂದು ತೀರ್ಲಿ, ಆಮೇಲೆ ಎಲ್ರೂ ನೆಮ್ಮದಿಯಾಗಿರೋವ’ ಎನ್ನುತ್ತೇವೆ. ಒಂದು ಕಟಾವು ಮುಗಿಯುವಷ್ಟರಲ್ಲಿ ಇನ್ನೊಂದು ನಾಟಿ ಬಂದಿರುತ್ತದೆ. ಎಲ್ಲ ಮುಗಿಯುವ ದಿನ ಯಾವ ಸಂಸಾರದಲ್ಲೂ ಬರುವುದಿಲ್ಲ. ಹಾಗಾಗಿ ಮನೆಯ ಸಂತೋಷಕ್ಕೂ ಬೇಕೆಂದೇ ಒಂದು ಹೊತ್ತು, ಒಂದು ಜಾಗ ಎತ್ತಿಡಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಿರಿಯರು ಅದನ್ನು ತಮ್ಮದೇ ರೀತಿಯಲ್ಲಿ ಮಾಡಿದ್ದರು. ನಾವು ಈಗ ನಮ್ಮ ರೀತಿಯಲ್ಲಿ ಮಾಡಿಕೊಳ್ಳಬೇಕಾಗಿದೆ.

ಕೆಲಸದ ಒಳಗೇ ಇದ್ದ ಹಾಡು

ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ದೊಡ್ಡ ಅಧಿಕಾರಿಯಾಗಿದ್ದವರು. ಆದರೂ ಅವರನ್ನು ನಾಡು ನೆನೆಯುವುದು ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ಪದಗಳನ್ನು ಕೂಡಿಹಾಕಿದ್ದಕ್ಕೆ, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ ಆಮೇಲೆ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿದ್ದಕ್ಕೆ. ಅವರಂಥವರು ಸಂಗ್ರಹಿಸಿದ ಪದಗಳನ್ನು ತಿರುವಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬಹುಪಾಲು ಹಾಡುಗಳು ಬಿಡುವಿನ ಹಾಡುಗಳಲ್ಲ. ಬೀಸುವಾಗ ಒಂದು, ಕುಟ್ಟುವಾಗ ಒಂದು, ನಾಟಿ ಹಾಕುವಾಗ ಒಂದು, ತೊಟ್ಟಿಲು ತೂಗುವಾಗ ಒಂದು, ಮದುವೆ ಚಪ್ಪರದಲ್ಲಿ ಸೋಬಾನೆ. ಹಿಗ್ಗು ಕೆಲಸ ಮುಗಿಯಲಿ ಎಂದು ಕಾಯುತ್ತಿರಲಿಲ್ಲ. ಅದು ಕೆಲಸದ ಜೊತೆಗೇ ನಡೆಯುತ್ತಿತ್ತು.

ಆಲೆಮನೆಯೂ ಹಾಗೆಯೇ. ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಕಬ್ಬು ಅರೆಯುವ ದಿನಗಳಲ್ಲಿ ಗಾಣದ ಹತ್ತಿರ ಹೋದ ಮಗುವಿಗೆ ಒಂದು ಲೋಟ ಕಬ್ಬಿನ ಹಾಲು ಕೊಡದೆ ಕಳಿಸುತ್ತಿರಲಿಲ್ಲ. ಕೊಪ್ಪರಿಗೆಯಲ್ಲಿ ಹಾಲು ಕುದಿದು, ಮೇಲೆದ್ದ ಕೊಳೆ ತೆಗೆದು, ಪಾಕ ಬಂತು ಎನ್ನುವ ಹೊತ್ತಿಗೆ ಹುಡುಗರು ಕಬ್ಬಿನ ತುಂಡು, ತೆಂಗಿನಕಾಯಿ ಚೂರು ಹಿಡಿದು ಸಾಲುಗಟ್ಟುತ್ತಿದ್ದರು. ಬಿಸಿಬೆಲ್ಲ ಅಂಟಿಸಿಕೊಂಡು, ಊದಿ ಊದಿ ತಿಂದು, ನಾಲಿಗೆ ಸುಟ್ಟುಕೊಂಡು ನಗುತ್ತಾ ಮನೆಗೆ ಓಡುತ್ತಿದ್ದರು. ಅಪ್ಪ ದುಡಿಯುವ ಜಾಗವೇ ಮಗುವಿಗೆ ಜಾತ್ರೆಯಾಗಿತ್ತು.

ಹಿಟ್ಟಿನ ಗಿರಣಿ ಬಂದು ರಾಗಿಕಲ್ಲು ಮೂಲೆ ಸೇರಿತು. ಸೇರಿದ್ದು ಒಳ್ಳೆಯದೇ ಆಯಿತು, ಬೆಳಗಿನ ಜಾವ ಎದ್ದು ಬೀಸಿ ಬೀಸಿ ಎಷ್ಟು ಹೆಂಗಸರ ರಟ್ಟೆ ಸೋತಿತ್ತು! ಆದರೆ ಕಲ್ಲಿನ ಜೊತೆ ಹಾಡೂ ಹೋಯಿತು. ನಾಟಿಗೆ ಯಂತ್ರ ಬಂತು. ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸಿಗೆ ಅಮ್ಮ ಓಡುತ್ತಾಳೆ, ಮೈಸೂರಿನ ಕಾರ್ಖಾನೆಯ ಪಾಳಿಗೆ ಅಪ್ಪ ಹೋಗುತ್ತಾನೆ. ಕೆ.ಆರ್. ಪೇಟೆ, ನಾಗಮಂಗಲದ ಎಷ್ಟೋ ಕುಟುಂಬಗಳಲ್ಲಿ ದುಡಿಯುವವರು ಮುಂಬೈಯಲ್ಲಿ, ಅಜ್ಜಿ ಮೊಮ್ಮಕ್ಕಳು ಊರಿನಲ್ಲಿ. ಯಂತ್ರ ಉಳಿಸಿಕೊಟ್ಟ ಹೊತ್ತನ್ನು ಮತ್ತೊಂದು ದುಡಿಮೆ ತುಂಬಿಕೊಂಡಿತು. ಹಾಡಿಗೆ ಅದರಲ್ಲಿ ಪಾಲು ಎತ್ತಿಡಲು ಯಾರೂ ಮುಂದಾಗಲಿಲ್ಲ. ಹಿಂದೆ ತಾನಾಗಿ ಸಿಗುತ್ತಿದ್ದದ್ದನ್ನು ಇಂದು ನಾವೇ ಮನಸ್ಸು ಮಾಡಿ ತಂದುಕೊಳ್ಳಬೇಕಾಗಿರುವುದು ಇದಕ್ಕೇ.

ಪಂಚಾಂಗದಲ್ಲಿ ಬರೆದಿಟ್ಟ ಸಂತೋಷ

ಹಿರಿಯರು ಹಾಡನ್ನು ಕೆಲಸದಲ್ಲಿ ಬೆರೆಸಿದಂತೆ, ಹಬ್ಬವನ್ನು ಪಂಚಾಂಗದಲ್ಲಿ ಬರೆದಿಟ್ಟರು. ಸಂಕ್ರಾಂತಿಯ ಸಂಜೆ ದನಗಳಿಗೆ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು ಕಿಚ್ಚು ಹಾಯಿಸುವುದು, ಯುಗಾದಿಯ ಮಾರನೇ ದಿನದ ಹೊಸತೊಡಕು, ಗೌರಿಹಬ್ಬಕ್ಕೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವುದು, ಮೇಲುಕೋಟೆಯ ವೈರಮುಡಿ, 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರಾ. ಇವು ಯಾವುವೂ ‘ಬಿಡುವಾದಾಗ ನೋಡೋಣ’ ಎನ್ನುವಂಥವಲ್ಲ. ಬೆಳೆ ಬರಲಿ ಬಿಡಲಿ, ತಿಥಿ ಬಂದರೆ ಮನೆಗೆ ಸಾರಣೆ ಆಗಲೇಬೇಕು, ಒಲೆಯ ಮೇಲೆ ಪಾಯಸ ಕುದಿಯಲೇಬೇಕು.

ಇದರಲ್ಲಿ ತೀರಾ ಸಣ್ಣದಾದ, ಖರ್ಚೇ ಇಲ್ಲದ ಆಚರಣೆಗಳೂ ಇವೆ. ಮಂಡ್ಯ, ರಾಮನಗರ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿಯ ಕಾಲದ ಬೆಳದಿಂಗಳಲ್ಲಿ ಹೆಂಗಸರು ಮಕ್ಕಳು ಅಂಗಳದಲ್ಲಿ ಚಂದ್ರನ ರಂಗೋಲಿ ಬಿಟ್ಟು ತಿಂಗಳಮಾಮನ ಪೂಜೆ ಮಾಡುತ್ತಾರೆ. ಸುತ್ತ ಕೂತು ಪದ ಹೇಳುತ್ತಾರೆ, ಮನೆಮನೆಯಿಂದ ತಂದ ತಿಂಡಿಯನ್ನು ಹಂಚಿಕೊಂಡು ತಿನ್ನುತ್ತಾರೆ. ಇನ್ನು ಬೆಳದಿಂಗಳೂಟವಂತೂ ಯಾವ ಹುಣ್ಣಿಮೆಗೂ ಆದೀತು. ತಾರಸಿ ಮೇಲೆ ಚಾಪೆ ಹಾಸಿ, ದೊಡ್ಡ ಬೇಸಿನ್ನಿನಲ್ಲಿ ಅನ್ನಕ್ಕೆ ಹುಳಿ ಕಲಸಿ, ತುಪ್ಪ ಬಿಟ್ಟು, ಅಜ್ಜಿ ನಡುವೆ ಕೂರುತ್ತಾಳೆ. ಸುತ್ತ ಮಕ್ಕಳು, ಮಕ್ಕಳ ಹಿಂದೆ ದೊಡ್ಡವರು. ಒಬ್ಬೊಬ್ಬರ ಅಂಗೈಗೂ ಸರದಿಯ ಮೇಲೆ ಒಂದೊಂದು ಕೈತುತ್ತು ಬೀಳುತ್ತದೆ. ತುತ್ತಿನ ನಡುವೆ ಬೆರಳಿನಿಂದ ಗುಳಿ ಮಾಡಿ ಹುಳಿಯನ್ನು ನಿಲ್ಲಿಸುವುದು ಅಜ್ಜಿಯ ಕೈಚಳಕ. ‘ಅಜ್ಜಿ, ಅವನಿಗೆ ಎರಡು ಸಲ ಬಂತು’ ಎಂದು ಒಂದು ದೂರು, ‘ಸುಮ್ನಿರ್ಲಾ, ನಿಂಗೂ ಕೊಡ್ತೀನಿ’ ಎಂಬ ಒಂದು ಗದರಿಕೆ. ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುವ ಮಗು ಅಲ್ಲಿ ಲೆಕ್ಕವಿಲ್ಲದೆ ಉಣ್ಣುತ್ತದೆ. ಅಡುಗೆ ದಿನದ್ದೇ, ಮನೆಯ ಮಂದಿಯೂ ದಿನದವರೇ. ಬದಲಾಗಿರುವುದು ಕೂತ ಜಾಗ ಮತ್ತು ಒಬ್ಬರಿಗೊಬ್ಬರು ಕೊಟ್ಟ ಗಮನ.

ಕಿಕ್ಕೇರಿಯ ಮಲ್ಲಿಗೆ

ದಿನನಿತ್ಯದ ಸಂಸಾರದಲ್ಲೇ ಸಂತೋಷವಿದೆ ಎಂಬುದನ್ನು ಕನ್ನಡಕ್ಕೆ ಮನದಟ್ಟು ಮಾಡಿಸಿದ ಕವಿ ಹುಟ್ಟಿದ್ದೂ ಇದೇ ನೆಲದಲ್ಲಿ, ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ. ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ್ದು 1915ರ ಜನವರಿ 26ರಂದು. ಅವರ ‘ಮೈಸೂರು ಮಲ್ಲಿಗೆ’ ಹೊರಬಂದಿದ್ದು 1942ರಲ್ಲಿ. ಜಗತ್ತಿನಲ್ಲಿ ಎರಡನೇ ಮಹಾಯುದ್ಧ, ದೇಶದಲ್ಲಿ ಕ್ವಿಟ್ ಇಂಡಿಯಾ ಚಳವಳಿ ನಡೆಯುತ್ತಿದ್ದ ವರ್ಷ ಅದು. ಅಂಥ ಹೊತ್ತಿನಲ್ಲಿ ಸರ್ಕಾರಿ ಕಚೇರಿಯ ಒಬ್ಬ ಸಾಮಾನ್ಯ ನೌಕರ ಗಂಡಹೆಂಡಿರ ಸಲಿಗೆ, ತವರಿನ ನೆನಪು, ಮಾವನ ಮನೆಯ ಆದರ, ತೊಟ್ಟಿಲ ಮಗು ಇವನ್ನು ಕವಿತೆಯಾಗಿಸಿದರು. ದೊಡ್ಡ ಸಂಗತಿಗಳ ನಡುವೆ ಇಷ್ಟು ಸಣ್ಣ ಸಂಗತಿ ಏಕೆ ಎಂದು ಓದುಗರು ಕೇಳಲಿಲ್ಲ. ಅಚ್ಚಿನ ಮೇಲೆ ಅಚ್ಚು ಕಂಡ ಆ ಪುಸ್ತಕ ಮದುವೆಗಳ ಉಡುಗೊರೆಯಾಯಿತು, ಸುಗಮ ಸಂಗೀತವಾಗಿ ಮನೆಮನೆ ಸೇರಿತು, 1992ರಲ್ಲಿ ಟಿ.ಎಸ್. ನಾಗಾಭರಣರ ಚಲನಚಿತ್ರವಾಯಿತು. ಕಷ್ಟ ಎಲ್ಲರ ಮನೆಯಲ್ಲೂ ಇತ್ತು. ಕಷ್ಟದ ನಡುವೆ ಇದ್ದ ಸವಿಯನ್ನು ಯಾರಾದರೂ ಗಮನವಿಟ್ಟು ತೋರಿಸಬೇಕಿತ್ತು, ಅವರು ತೋರಿಸಿದರು.

ಇದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರು ಎ.ಎನ್. ಮೂರ್ತಿರಾಯರು. 1900ರಲ್ಲಿ ಹುಟ್ಟಿ 2003ರವರೆಗೆ ತುಂಬುಬಾಳು ಬಾಳಿದವರು. ಅವರ ‘ಹಗಲುಗನಸುಗಳು’ ಕನ್ನಡದಲ್ಲಿ ಲಘುಪ್ರಬಂಧಕ್ಕೆ ಒಂದು ಹಾದಿ ಹಾಕಿಕೊಟ್ಟಿತು. ದಿನವೂ ಕಣ್ಣೆದುರಿಗೆ ಬೀಳುವ ಸಂಗತಿಯ ಮುಂದೆ ಎರಡು ಗಳಿಗೆ ನಿಂತು ನೋಡುವುದೇ ಆ ಪ್ರಬಂಧಗಳ ಜೀವ. ಒಂದೇ ತಾಲ್ಲೂಕಿನ ಈ ಇಬ್ಬರು ಕನ್ನಡದ ಮನೆಗಳಿಗೆ ಕಲಿಸಿದ್ದು ಒಂದೇ ಪಾಠ: ಸಂತೋಷವನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಆದರೆ ಅದಕ್ಕೆ ಬಿಡುವು ಕೊಡದೆ ಅದು ಕಾಣಿಸಿಕೊಳ್ಳುವುದೂ ಇಲ್ಲ.

ಮನೋವಿಜ್ಞಾನ ಹೇಳುವುದೇನು?

ಹಿರಿಯರು ಅನುಭವದಿಂದ ಕಂಡುಕೊಂಡದ್ದನ್ನು ಕಳೆದ ಐವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಮನೋವಿಜ್ಞಾನಿಗಳು ಬೇರೆ ಬೇರೆ ದಾರಿಯಿಂದ ಬಂದು ಮುಟ್ಟಿದ್ದಾರೆ. ಹೊಸ ಬೈಕು, ಹೊಸ ಮನೆ, ಹೊಸ ಟಿ.ವಿ. ಕೊಡುವ ಖುಷಿಗೆ ಮನಸ್ಸು ಬೇಗ ಒಗ್ಗಿಹೋಗುತ್ತದೆ ಎಂಬುದನ್ನು ಅಮೆರಿಕದ ಬ್ರಿಕ್‌ಮನ್ ಮತ್ತು ಕ್ಯಾಂಪ್‌ಬೆಲ್ 1971ರಲ್ಲೇ ಹೇಳಿದರು. ಕೊಂಡ ವಸ್ತು ಕೆಲವು ತಿಂಗಳಲ್ಲಿ ಮನೆಯ ಸಾಮಾನುಗಳಲ್ಲಿ ಒಂದಾಗುತ್ತದೆ.

ಹಾಗಾದರೆ ಖುಷಿಯನ್ನು ಹಿಗ್ಗಿಸುವುದು ಹೇಗೆ? ಫ್ರೆಡ್ ಬ್ರಯಂಟ್ ಮತ್ತು ಜೋಸೆಫ್ ವೆರಾಫ್ 2007ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದೇ ಸಂತೋಷವನ್ನು ಮೂರು ಸಲ ಅನುಭವಿಸಬಹುದು ಎಂದು ವಿವರಿಸಿದರು. ಬರುವ ಮುಂಚೆ ಎದುರುನೋಡುವುದು, ಬಂದಾಗ ಗಮನವಿಟ್ಟು ಸವಿಯುವುದು, ಹೋದ ಮೇಲೆ ನೆನೆದು ಮಾತಾಡುವುದು. ನಮ್ಮ ಎಳ್ಳುಬೆಲ್ಲದಲ್ಲಿ ಈ ಮೂರೂ ಇವೆ. ಸಂಕ್ರಾಂತಿಗೆ ವಾರವಿರುವಾಗಲೇ ಕೊಬ್ಬರಿ, ಬೆಲ್ಲವನ್ನು ಸಣ್ಣಗೆ ಹೆಚ್ಚಿ ಬಿಸಿಲಿಗೆ ಇಡುವುದು, ಮರದ ಅಚ್ಚಿನಲ್ಲಿ ಸಕ್ಕರೆ ಪಾಕ ಹುಯ್ಯುವುದು, ಹಬ್ಬದ ದಿನ ಹೊಸಬಟ್ಟೆ ತೊಟ್ಟು ಬೀರಲು ಹೋಗುವುದು, ಆಮೇಲೆ ಯಾರ ಮನೆಯ ಎಳ್ಳು ರುಚಿಯಾಗಿತ್ತು ಎಂದು ವಾರವೆಲ್ಲ ಮಾತಾಡುವುದು. ಅಂಗಡಿಯ ಪೊಟ್ಟಣ ತಂದರೆ ತಿನ್ನುವ ಖುಷಿ ಸಿಗುತ್ತದೆ, ಅದರ ಹಿಂದುಮುಂದಿನ ಖುಷಿಗಳು ತಪ್ಪಿಹೋಗುತ್ತವೆ.

ಬಾರ್ಬರಾ ಫೀಸ್ ಮತ್ತು ಸಂಗಡಿಗರು 2002ರಲ್ಲಿ ಕುಟುಂಬಗಳ ರೂಢಿ, ಆಚರಣೆಗಳ ಮೇಲೆ 50 ವರ್ಷಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಹಲ್ಲುಜ್ಜುವುದು, ಬ್ಯಾಗು ಜೋಡಿಸುವುದು ಬರೀ ರೂಢಿ. ಎಲ್ಲರೂ ಸೇರಿ ಮಾಡುವ, ‘ನಮ್ಮನೇಲಿ ಹೀಗೆ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಕೆಲಸಗಳು ಬೇರೆಯೇ. ಅವು ಮಕ್ಕಳಿಗೆ ತಾನು ಈ ಮನೆಗೆ ಸೇರಿದವನು ಎಂಬ ಧೈರ್ಯ ಕೊಡುತ್ತವೆ, ಮನೆಯಲ್ಲಿ ಏರುಪೇರಾದಾಗ ಊರುಗೋಲಾಗುತ್ತವೆ. ಭಾನುವಾರ ಬೆಳಿಗ್ಗೆ ಅಪ್ಪನೇ ದೋಸೆ ಹುಯ್ಯುತ್ತಾನೆ ಎಂಬಷ್ಟು ಸಣ್ಣ ಸಂಗತಿಯಾದರೂ ಸಾಕು, ತಪ್ಪದೆ ನಡೆಯಬೇಕು.

ಇನ್ನೊಂದು ಮಾತು ಪ್ರತಿ ಮನೆಗೂ ಬೇಕಾದದ್ದು. ಶೆಲ್ಲಿ ಗೇಬಲ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬರು ಒಳ್ಳೆಯ ಸುದ್ದಿ ತಂದಾಗ ಇನ್ನೊಬ್ಬರು ಹೇಗೆ ಸ್ಪಂದಿಸುತ್ತಾರೆ ಎಂಬುದನ್ನು ಗಮನಿಸಿದರು. ಮಗಳು ಓಡಿಬಂದು ‘ಅಪ್ಪ, ಕಬಡ್ಡಿ ಟೀಮಿಗೆ ಸೆಲೆಕ್ಟ್ ಆದೆ’ ಎಂದಾಗ ‘ಹ್ಞೂಂ, ಓದೋದು ಬಿಟ್ಟೀಯ ಹುಷಾರು’ ಎನ್ನಬಹುದು, ಫೋನಿನಿಂದ ತಲೆಯೆತ್ತದೆ ‘ಆಯ್ತು’ ಎನ್ನಬಹುದು. ಅಥವಾ ಎದ್ದು ಕೂತು ‘ಹೌದೇನವ್ವ! ಯಾರ್ಯಾರು ಇದ್ರು? ಏನಾಡಿ ಗೆದ್ದೆ?’ ಎಂದು ಕೇಳಬಹುದು. ಈ ಕೊನೆಯ ಬಗೆಯ ಮಾತು ಸಿಗುವ ಸಂಬಂಧಗಳಲ್ಲಿ ನಂಬಿಕೆ, ಆಪ್ತತೆ ಹೆಚ್ಚು ಎಂಬುದು ಅವರು ಕಂಡ ಸಂಗತಿ. ಕಷ್ಟಕ್ಕೆ ಆಗುವವರೇ ನೆಂಟರು ಎಂದು ನಾವು ನಂಬಿದ್ದೇವೆ. ಖುಷಿಗೂ ಆಗಬೇಕು.

ನಾಲೆಯ ಕೊನೆ ಭಾಗ

ಇಲ್ಲಿ ಒಂದು ಕಟುಸತ್ಯವನ್ನು ಹೇಳಲೇಬೇಕು. ನಾಲೆಯಲ್ಲಿ ನೀರು ಬಿಟ್ಟಾಕ್ಷಣ ಎಲ್ಲ ಗದ್ದೆಗೂ ತಲುಪುವುದಿಲ್ಲ. ತೂಬಿನ ಹತ್ತಿರದವರ ಗದ್ದೆ ತುಂಬಿ ತುಳುಕುವಾಗ ಕೊನೆ ಭಾಗದ ರೈತ ಒಣಗಿದ ಪೈರು ನೋಡುತ್ತಾ ನಿಂತಿರುತ್ತಾನೆ. ಮನೆಯ ಸಂತೋಷದಲ್ಲಿ ಆ ಕೊನೆ ಭಾಗ ಬಹಳ ಸಲ ಮನೆಯೊಡತಿಯದು. ಹಬ್ಬದ ದಿನ ಎಲ್ಲರಿಗಿಂತ ಮೊದಲು ಏಳುವವಳು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವಳು, ನೆಂಟರು ನಗುತ್ತಾ ಎಲೆಯಡಿಕೆ ಹಾಕಿಕೊಳ್ಳುವಾಗ ಪಾತ್ರೆ ತೊಳೆಯುವವಳು ಅವಳೇ.

ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಈ ಅಂಕಿ 289 ಮತ್ತು 88. ದಿನಕ್ಕೆ ಮೂರು ಗಂಟೆಗೂ ಮೀರಿದ ಈ ಅಂತರ ಐದು ವರ್ಷದಲ್ಲಿ ಕದಲಿಲ್ಲ. ಆದ್ದರಿಂದ ಮನೆಯಲ್ಲಿ ಸಂತೋಷಕ್ಕೆ ಹೊತ್ತು ಎತ್ತಿಡುವುದೆಂದರೆ ಅಮ್ಮನಿಗೆ ಇನ್ನೊಂದು ಬಗೆಯ ಅಡುಗೆ ಹೇಳುವುದಲ್ಲ. ಬೆಳದಿಂಗಳೂಟಕ್ಕೆ ಚಾಪೆ, ಬೇಸಿನ್ನು ಮೇಲಕ್ಕೆ ಹೊರುವವರು ಮಕ್ಕಳಾಗಬೇಕು, ಪಾತ್ರೆ ತೊಳೆಯುವ ಪಾಳಿ ಗಂಡಸರದಾಗಬೇಕು. ‘ಅವ್ವ, ನೀನೂ ಕೂತ್ಕೊ, ನಾನು ಬಡಿಸ್ತೀನಿ’ ಎಂದು ಮಗ ಹೇಳಿದ ದಿನ ಆ ಮನೆಯ ಹಬ್ಬ ಪೂರ್ತಿಯಾಗುತ್ತದೆ.

ಕಷ್ಟದ ಮನೆಯಲ್ಲಿ

ಸಾಲದಲ್ಲಿರುವ ಮನೆಯ ಮುಂದೆ ಸಂತೋಷದ ಮಾತಾಡುವುದು ಸರಿಯೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಗೆ ಗೌರವ ಕೊಡಬೇಕು. 2015ರಲ್ಲಿ ಕಬ್ಬಿನ ಬಾಕಿ, ಸಾಲದ ಹೊರೆಯಲ್ಲಿ ಮಂಡ್ಯ ಜಿಲ್ಲೆಯ ರೈತರು ಒಬ್ಬರ ಹಿಂದೊಬ್ಬರು ಜೀವ ಕಳೆದುಕೊಂಡದ್ದನ್ನು ಈ ಸೀಮೆ ಮರೆತಿಲ್ಲ. ಬೆಳದಿಂಗಳೂಟದಿಂದ ಸಾಲ ತೀರುವುದಿಲ್ಲ. ಬೆಳೆಗೆ ಬೆಲೆ, ಹೊತ್ತಿಗೆ ಸರಿಯಾಗಿ ಹಣ ಸಿಗಬೇಕಾದದ್ದು ನ್ಯಾಯ, ಅದಕ್ಕೆ ಬದಲಿಯಿಲ್ಲ.

ಆದರೆ ದಿನಕ್ಕೊಂದು ಹೊತ್ತು ಒಟ್ಟಿಗೆ ಕೂರುವ ಮನೆಗೆ ಒಂದು ಶಕ್ತಿ ಇರುತ್ತದೆ. ಯಾರು ಮಾತು ಕಮ್ಮಿ ಮಾಡಿದ್ದಾರೆ, ಯಾರು ಊಟ ಬಿಟ್ಟು ಏಳುತ್ತಿದ್ದಾರೆ ಎಂಬುದು ಅಲ್ಲಿ ಬೇಗ ಗೊತ್ತಾಗುತ್ತದೆ. 1970ರ ದಶಕದಲ್ಲಿ ಪೀಟರ್ ಲೆವಿನ್‌ಸನ್ ಎಂಬ ಅಮೆರಿಕದ ಮನೋವಿಜ್ಞಾನಿ ಖಿನ್ನತೆಯ ಬಗ್ಗೆ ಕೆಲಸ ಮಾಡುತ್ತಾ, ಮನಸ್ಸು ಕುಗ್ಗಿದವರು ಹಿತವಾದ ಕೆಲಸಗಳನ್ನು ಒಂದೊಂದಾಗಿ ಬಿಡುತ್ತಾ ಹೋಗುತ್ತಾರೆ, ಬಿಟ್ಟಷ್ಟೂ ಇನ್ನಷ್ಟು ಕುಗ್ಗುತ್ತಾರೆ ಎಂದು ತೋರಿಸಿದರು. ಮನಸ್ಸಾಗಲಿ ಎಂದು ಕಾಯದೆ ಅಂಥ ಸಣ್ಣ ಕೆಲಸಗಳನ್ನು ಹೊತ್ತು ಗೊತ್ತುಮಾಡಿ ಮತ್ತೆ ಶುರುಮಾಡಿಸುವುದು ಇಂದು ಚಿಕಿತ್ಸೆಯ ಒಂದು ಭಾಗವೇ ಆಗಿದೆ. ಸಂಜೆ ಕೆರೆ ಏರಿಯ ಮೇಲೆ ಜೊತೆಯಲ್ಲಿ ನಡೆಯುವುದು, ಹಳೆಯ ಭಜನೆ ತಂಡಕ್ಕೆ ಮತ್ತೆ ಕರೆದೊಯ್ಯುವುದು ಹೀಗೆ. ಮಂಕು ವಾರಗಟ್ಟಲೆ ಕವಿದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಎಲ್ಲಿಂದ ಶುರು ಮಾಡುವುದು?

ದೊಡ್ಡದಾಗಿ ಯೋಚಿಸಿದರೆ ಕೈಗೂಡುವುದಿಲ್ಲ. ವಾರದಲ್ಲಿ ಒಂದು ರಾತ್ರಿ ಊಟಕ್ಕೆ ಟಿ.ವಿ., ಫೋನು ಎರಡೂ ಬಂದ್. ಅವತ್ತು ಒಬ್ಬೊಬ್ಬರೂ ಆ ವಾರದ ಒಂದು ಒಳ್ಳೆಯ ಸಂಗತಿ ಹೇಳಲಿ, ಮಿಕ್ಕವರು ಮನಸ್ಸಿಟ್ಟು ಕೇಳಲಿ. ತಿಂಗಳಿಗೊಂದು ಹುಣ್ಣಿಮೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಮಕ್ಕಳ ಕೈಯಲ್ಲೇ ಗುರುತು ಹಾಕಿಸಿ. ಮುಂಬೈಯಲ್ಲೋ ಬೆಂಗಳೂರಿನಲ್ಲೋ ಇರುವವರಿಗೆ ಆ ಹೊತ್ತಿಗೆ ವೀಡಿಯೊ ಕಾಲ್ ಮಾಡಿ, ಅವರ ತುತ್ತನ್ನೂ ಅಜ್ಜಿ ಹೆಸರು ಹಿಡಿದು ಎತ್ತಿಡಲಿ.

ವರ್ಷಕ್ಕೆ ಕೆಲವು ಭಾನುವಾರಗಳನ್ನು ಹತ್ತಿರದ ಜಾಗಗಳಿಗೆ ಮೀಸಲಿಡಿ. ಬುತ್ತಿ ಕಟ್ಟಿಕೊಂಡು ಹೋದರೆ ಬಸ್ ಚಾರ್ಜಿನಲ್ಲೇ ಮುಗಿಯುವ ಜಾಗಗಳು ಈ ನಾಲ್ಕು ತಾಲ್ಲೂಕಿನಲ್ಲಿ ಬೇಕಾದಷ್ಟಿವೆ. ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ ತಿನ್ನಬಹುದು. ತೊಣ್ಣೂರು ಕೆರೆಯ ದಡದಲ್ಲಿ ಒಂದು ಮಧ್ಯಾಹ್ನ ಕಳೆಯಬಹುದು. ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ ಗೋಡೆ ಸುತ್ತಿ ಬಂದರೆ ರಾಮಾಯಣ ಮಹಾಭಾರತದ ಕತೆಗಳು ಕಲ್ಲಿನಲ್ಲೇ ಸಾಲಾಗಿ ಸಿಗುತ್ತವೆ. ತಾತ ಕತೆ ಹೇಳುತ್ತಾ ನಡೆದರೆ ಮಕ್ಕಳಿಗೆ ಬೇರೆ ಪಿಕ್‌ನಿಕ್ ಬೇಕಿಲ್ಲ.

ಮುಖ್ಯವಾಗಿ, ಏನು ಮಾಡಬೇಕೆಂದು ಒಬ್ಬರೇ ತೀರ್ಮಾನಿಸುವುದು ಬೇಡ. ಒಬ್ಬರಿಗೆ ಹಾಡು ಇಷ್ಟ, ಒಬ್ಬರಿಗೆ ಸುಮ್ಮನೆ ಕೂತು ಮಾತಾಡುವುದು, ಒಬ್ಬರಿಗೆ ತವರಿಗೆ ಹೋಗಿ ಒಂದು ದಿನ ಮಲಗಿ ಬರುವುದೇ ದೊಡ್ಡ ಸುಖ. ಇವತ್ತು ರಾತ್ರಿ ಊಟದ ಹೊತ್ತಿನಲ್ಲಿ ‘ನಿಮಗೇನು ಖುಷಿ?’ ಎಂದು ಎಲ್ಲರನ್ನೂ ಕೇಳಿ. ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರೋ, ಅವರನ್ನೇ ಮೊದಲು ಕೇಳಿ.